ಅತ್ತೆಯ ಬೇಸ್ ಗಿಟಾರಿಗೆ ಎಷ್ಟು?

ಮಾರ್ಚ್ 3, ಸೋಮವಾರ

ಕಾಲು ಮುರಿದು ಇವತ್ತಿಗೆ ಆರನೇ ದಿನ. ಹತ್ತೊಂಬತ್ತು ವರ್ಷ ಬೇರೆಯವರ ಕಾರುಗಳಿಗೆ ಎಲ್ಲೆಲ್ಲಿ ಪೆಟ್ಟಾಗಿದೆ ಎಂದು ಬರೆದವಳಿಗೆ ಈಗ ತನ್ನದೇ ಪೆಟ್ಟಿನ ಬಗ್ಗೆ ಬರೆಯುವ ಯೋಗ. ವಿಮಾ ಕಂಪನಿಯ ಸರ್ವೇಯರ್ ಬಂಪರಿನ ಫೋಟೋ ತೆಗೆಯಲು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತ ಸರಿಯುತ್ತ ಗ್ಯಾರೇಜಿನ ಗುಂಡಿಯೊಳಗೆ ಬಿದ್ದಳು. ಬಂಪರಿಗೆ ಒಂದು ಗೀರು, ಸರ್ವೇಯರಿಗೆ ಎರಡು ಕಡೆ ಮುರಿತ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆಯಂತೆ.

ಆರು ವಾರ ಪ್ಲಾಸ್ಟರ್. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಗಂಡ ಹಡಗಿನ ಎಂಜಿನ್ ರೂಮಿನಲ್ಲಿ, ಬರುವುದು ಮೇ ತಿಂಗಳಿಗೆ. ಉಳಿದದ್ದು ನಾನು ಮತ್ತು ಅತ್ತೆಯವರು. ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ಎಂಟು ತಿಂಗಳ ಹಿಂದೆ ಎರಡು ಸೂಟ್‌ಕೇಸು, ಒಂದು ಉದ್ದನೆಯ ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಇಲ್ಲಿಗೆ ಬಂದರು. ಪೆಟ್ಟಿಗೆಯಲ್ಲಿ ತೀರಿಹೋದ ಮಾವನ ಮರಗೆಲಸದ ಹತಾರಗಳಿರಬೇಕು. ಎಂಟು ತಿಂಗಳಲ್ಲಿ ನಾವಿಬ್ಬರೂ ಒಂದು ಜಗಳ ಆಡಿಲ್ಲ. ಜಗಳ ಆಡುವಷ್ಟು ಮಾತೂ ಆಡಿಲ್ಲ.

ಅತ್ತೆಯವರು ಬೆಳಿಗ್ಗೆ ಪೇಪರಿನ ಸಣ್ಣ ಜಾಹೀರಾತುಗಳನ್ನು ಗಟ್ಟಿಯಾಗಿ ಓದುತ್ತಾರೆ. ಬಿಸ್ಕತ್ತು ಕಡಿದರೆ ಪಕ್ಕದ ಕೋಣೆಗೆ ಕೇಳುತ್ತದೆ. ಇಡೀ ದಿನ ಗಂಟಲೊಳಗೇ ಏನೋ ಗುಂಯ್‌ಗುಡುತ್ತಿರುತ್ತಾರೆ. ಆಫೀಸಿಗೆ ಹೋಗುತ್ತಿದ್ದಾಗ ಇದೊಂದೂ ಗೊತ್ತಾಗುತ್ತಿರಲಿಲ್ಲ. ನನ್ನ ಮನೆ ಆರು ವಾರ ನನಗೊಬ್ಬಳಿಗೇ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಅನ್ನಿಸಿತು. ಬರೆದುಬಿಟ್ಟೆ. ಇದನ್ನು ಯಾರೂ ಓದುವುದಿಲ್ಲ.

ಮಾರ್ಚ್ 6, ಗುರುವಾರ

ಪೆಟ್ಟಿಗೆಯಲ್ಲಿ ಹತಾರಗಳಿಲ್ಲ.

ಮಧ್ಯಾಹ್ನ ಅತ್ತೆಯವರು ಅದನ್ನು ನೆಲದ ಮೇಲೆ ಎಳೆದುಕೊಂಡು ನನ್ನ ಮಂಚದ ಹತ್ತಿರ ತಂದರು. ಎರಡು ಕೊಂಡಿ ಟಕ್ ಟಕ್ ಎಂದವು. ಒಳಗೆ ಕೆಂಪು ಮಖಮಲ್ಲು, ಅದರ ಮೇಲೆ ಬೆಣ್ಣೆ ಬಣ್ಣದ, ನಾಲ್ಕೇ ನಾಲ್ಕು ದಪ್ಪ ತಂತಿಗಳ ಎಲೆಕ್ಟ್ರಿಕ್ ಬೇಸ್ ಗಿಟಾರ್.

"ನೀನು ಕಾರಿಗೆಲ್ಲ ಬೆಲೆ ಕಟ್ತೀಯಲ್ಲ, ಇದಕ್ಕೆ ಕಟ್ಟೋಕಾಗುತ್ತಾ?"

"ಯಾರದು ಅತ್ತೆ ಇದು? ಮಾವನದಾ?"

"ನಿಮ್ಮ ಮಾವ ಶಿಳ್ಳೆ ಹೊಡೆದ್ರೂ ಶ್ರುತಿ ತಪ್ಪೋದು. ಇದು ನಂದು."

ಮದುವೆಗೆ ಮುಂಚೆ ಐದು ವರ್ಷ, ಒಂದು ದೊಡ್ಡ ಹೋಟೆಲಿನ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದರಂತೆ. ವಾರಕ್ಕೆ ಆರು ಸಂಜೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಹದಿನೆಂಟು ವರ್ಷ, ಒಬ್ಬರೂ ಇದರ ಬಗ್ಗೆ ಉಸಿರೆತ್ತಿಲ್ಲ.

"ಯಾಕೆ ಮಾರ್ತೀರಿ?" ಎಂದೆ.

"ಒಂದು ಕೆಲಸ ಇದೆ," ಎಂದು ಮಾತು ಮುಗಿಸಿದರು.

ಇರಲಿ. ಕೈಗೊಂದು ಕೆಲಸ ಸಿಕ್ಕಿತಲ್ಲ.

ಮಾರ್ಚ್ 8, ಶನಿವಾರ

ಊಟದ ಮೇಜೇ ಈಗ ಗ್ಯಾರೇಜು. ಫೋನಿನಲ್ಲಿ ಎರಡು ದಿನ ಓದಿದೆ. ಜಗತ್ತಿನಲ್ಲಿ ಬೇಸ್ ಹುಚ್ಚರು ಎಷ್ಟೊಂದು ಜನ! ಒಂದು ಸ್ಕ್ರೂ ಮೂಲದ್ದೋ ಆಮೇಲೆ ಹಾಕಿದ್ದೋ ಎಂದು ಮುನ್ನೂರು ಜನ ಹನ್ನೊಂದು ದಿನ ಕಿತ್ತಾಡಿದ್ದಾರೆ. ನನಗೆ ಇವರು ಇಷ್ಟವಾದರು.

ಕಾರಿನ ಬಣ್ಣದ ದಪ್ಪ ಅಳೆಯುವ ನನ್ನ ಮೀಟರನ್ನು ಅದರ ಮೈ ಮೇಲಿಟ್ಟೆ. ಸೊನ್ನೆ. ಮರದ ಮೇಲೆ ಅದು ಕೆಲಸ ಮಾಡುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅತ್ತೆಯವರು ಎದುರಿಗೆ ಕೂತು ಬಿಸ್ಕತ್ತು ಕಡಿಯುತ್ತ ಎಲ್ಲ ನೋಡುತ್ತಿದ್ದರು. ನಗಲಿಲ್ಲ, ಆದರೆ ಬಿಸ್ಕತ್ತು ನಿಂತಿತು.

ಮುಂಭಾಗದ ಪ್ಲಾಸ್ಟಿಕ್ ಹಲಗೆಯ ಸ್ಕ್ರೂಗಳನ್ನು ಅವರೇ ಬಿಚ್ಚಿದರು. ಕೈ ಒಂದಿಷ್ಟೂ ನಡುಗಲಿಲ್ಲ. ಹಲಗೆ ಎತ್ತಿದರೆ ಅದರಡಿ ಬಣ್ಣ ಹಾಲಿನಷ್ಟು ಬಿಳಿ! ಅಂದರೆ ಇದು ಮೊದಲು ಬಿಳಿಯದೇ, ಬೆಳಕು, ಹೊಗೆ ತಾಗಿ ಬೆಣ್ಣೆ ಬಣ್ಣಕ್ಕೆ ತಿರುಗಿದೆ. ಮತ್ತೆ ಬಣ್ಣ ಬಳಿದಿಲ್ಲ. ಬಳಿದಿದ್ದರೆ ಬೆಲೆ ಅರ್ಧಕ್ಕೆ ಅರ್ಧ ಬೀಳುತ್ತಿತ್ತು. ವಾಲ್ಯೂಮ್ ಗುಂಡಿಯ ಕೆಳಗಿನ ಲೋಹದ ಡಬ್ಬಿಯ ಬೆನ್ನಿಗೆ ಏಳು ಅಂಕಿ ಒತ್ತಿದ್ದಾರೆ. ಮೊದಲ ಮೂರು ಮಾಡಿದವರ ಗುರುತು, ಆಮೇಲಿನ ಎರಡು ವರ್ಷ, ಕೊನೆಯ ಎರಡು ವಾರ. ಎಪ್ಪತ್ತೆರಡನೇ ಇಸವಿ, ಮೂವತ್ತನಾಲ್ಕನೇ ವಾರ.

"ಅತ್ತೆ, ನನಗಿಂತ ದೊಡ್ಡದು ಇದು!"

"ನಿನಗಿಂತ ಗಟ್ಟಿ ಕೂಡ. ಎಷ್ಟು ಸಲ ಬಿದ್ದಿದೆ, ಒಂದು ಸಲಾನೂ ಪ್ಲಾಸ್ಟರ್ ಹಾಕಿಸ್ಕೊಂಡಿಲ್ಲ."

ತೂಕ ಹಾಕಿದೆವು. ನಾಲ್ಕು ಕಿಲೋ ಎಂಟುನೂರು ಗ್ರಾಂ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಮಲಗಿದ್ದಾಗ ಬೀರು ಹಾಡಲು ಶುರು ಮಾಡಿತು.

ನಿಜವಾಗಿ. ಒಳಗಿನ ಹ್ಯಾಂಗರುಗಳು ಝಣಝಣ ಅಂದವು, ಮಂಚದ ಕಾಲಿನಿಂದ ಸದ್ದು ಹತ್ತಿ ಬಂದು ಪ್ಲಾಸ್ಟರಿನೊಳಗೆ ಕಚಗುಳಿ ಇಟ್ಟಿತು. ಗೋಡೆಯ ಆಚೆ ಅತ್ತೆ ಸ್ಟೂಲಿನ ಮೇಲೆ ಕೂತು, ಬೇಸಿನ ತಲೆಯನ್ನು ತಮ್ಮ ಬೀರುವಿನ ಬಾಗಿಲಿಗೆ ಆನಿಸಿ ನುಡಿಸುತ್ತಿದ್ದಾರೆ. ಅವರ ಬೀರು ಗೋಡೆಗೆ ಅಂಟಿದೆ, ಗೋಡೆಗೆ ನನ್ನ ಬೀರು ಅಂಟಿದೆ.

"ಆಂಪ್ಲಿಫೈಯರ್ ಇಲ್ಲದಿದ್ದಾಗ ಹೀಗೇ ಮಾಡ್ತಿದ್ವಿ. ಎದ್ಬಿಟ್ಯಾ?"

ಎದ್ದಿದ್ದೆ. ಬಾಗಿಲು ಮುಚ್ಚಿಕೊಳ್ಳಿ ಎನ್ನಲು ಎರಡು ಊರುಗೋಲು ಹಿಡಿದು ಅಷ್ಟು ದೂರ ಹೋಗಿದ್ದೆ. ಅಲ್ಲಿ ಹೋದಮೇಲೆ ಏನು ಹೇಳಬೇಕೆಂದಿದ್ದೆನೋ ಮರೆತುಹೋಯಿತು. ಹತ್ತು ನಿಮಿಷಕ್ಕೆ ಅವರೇ ನಿಲ್ಲಿಸಿ ಎಡ ಭುಜ ತಿಕ್ಕಿಕೊಂಡರು.

ಮಾರ್ಚ್ 13, ಗುರುವಾರ

ಇವತ್ತಿನ ಸಂಗತಿ: ಟೋನ್ ಗುಂಡಿ ಮೂಲದ್ದಲ್ಲ, ರೇಡಿಯೋದ್ದು. "ಹೋಟೆಲ್ ಮ್ಯಾನೇಜರ್ ರೂಮಿನ ರೇಡಿಯೋ. ಅವನಿಗೆ ಇವತ್ತಿಗೂ ಗೊತ್ತಿಲ್ಲ," ಎಂದರು ಅತ್ತೆ. ಬೆನ್ನಿನ ಮೇಲೆ ಅಂಗೈಯಗಲ ಬಣ್ಣ ಸವೆದಿದೆ, ಅದು ಬೆಲ್ಟಿನ ಬಕಲ್ಲಿನಿಂದ. ಬ್ಯಾಂಡಿನ ನಾಲ್ಕು ಜನರಲ್ಲಿ ಇಬ್ಬರು ಹೆಂಗಸರು, ಅತ್ತೆ ಮತ್ತು ಡ್ರಮ್ ಬಾರಿಸುವ ಗೆಳತಿ. ಗಂಡಸರಿಗೆ ಕೊಡುವಷ್ಟೇ ಸಂಬಳ ಕೊಡುವವರೆಗೆ ಇಬ್ಬರೂ ಎಲ್ಲ ಹಾಡನ್ನೂ ಅರ್ಧ ವೇಗದಲ್ಲಿ ನುಡಿಸಿದರಂತೆ. ಕುಣಿಯಲು ಬಂದವರು ನಿಂತಲ್ಲೇ ತೂಕಡಿಸಿದರಂತೆ. ಮೂರನೇ ದಿನ ಸಂಬಳ ಏರಿತು.

ನಕ್ಕು ನಕ್ಕು ಊರುಗೋಲು ಕೈಜಾರಿ ಬಿತ್ತು. ಆಮೇಲೆ ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಬಿಡ್ಲಿಲ್ಲ ಕಣೇ. ಹೋಟೆಲಿನವರು ಹಾಲ್ ಮುಚ್ಚಿದ್ರು, ನಿನ್ನ ಗಂಡ ಹುಟ್ಟಿದ, ನಾಳೆ ತೆಗೆದು ನುಡಿಸೋಣ ಅಂತ ಇಟ್ಟೆ. ಆ ನಾಳೆ ಸ್ವಲ್ಪ ಉದ್ದ ಆಯ್ತು."

ನಾಳೆ ಅವರ ಜೊತೆ ತಂತಿಗಳ ದಪ್ಪ ಅಳೆಯಬೇಕು. ಅದರ ಅಗತ್ಯವೇನಿಲ್ಲ, ಆದರೂ.

ಮಾರ್ಚ್ 16, ಭಾನುವಾರ

ಹಡಗಿನಿಂದ ಇವರ ಫೋನು. "ನಿಮ್ಮಮ್ಮ ಬೇಸ್ ನುಡಿಸ್ತಿದ್ರು ಅನ್ನೋದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಯಾಕೆ?"

"ಹದಿನೆಂಟು ವರ್ಷದಲ್ಲಿ ಒಂದು ಸಲ ಹೇಳಬಾರದಾ?"

"ನೀನು ಕೇಳ್ಲಿಲ್ಲ."

ಯಾವ ಹೆಂಡತಿ ಕೇಳುತ್ತಾಳೆ, ರೀ ನಿಮ್ಮ ತಾಯಿ ಬೇಸ್ ನುಡಿಸ್ತಿದ್ರಾ ಅಂತ!

ಮಾರ್ಚ್ 18, ಮಂಗಳವಾರ

ಬೇಕೆಂದು ಕದ್ದು ಕೇಳಲಿಲ್ಲ. ಬಾತ್‌ರೂಮಿಗೆ ಹೋಗಿ ಬರಲು ನನಗೆ ಏಳು ನಿಮಿಷ ಬೇಕು, ಅಷ್ಟರಲ್ಲಿ ಯಾರು ಏನು ಮಾತಾಡಿದರೂ ಕಿವಿಗೆ ಬಿದ್ದೇ ಬೀಳುತ್ತದೆ. ಅತ್ತೆ ಫೋನಿನಲ್ಲಿದ್ದರು.

"ಕೋಣೆ ಎಷ್ಟು ದೊಡ್ಡದು?... ಬಾಡಿಗೆ ತಿಂಗಳಿಗೋ ವಾರಕ್ಕೋ?... ಇಲ್ಲಪ್ಪ, ನೆಲಮಹಡಿ ಇದ್ರೆ ಹೇಳಿ, ಸಾಮಾನು ಹೊತ್ಕೊಂಡು ಮೆಟ್ಟಿಲು ಹತ್ತೋಕೆ ನನ್ನಿಂದಾಗಲ್ಲ... ಈಗಲೇ ಬೇಡ, ಒಂದು ವಸ್ತು ಮಾರಬೇಕು, ಅದಾದ್ಮೇಲೆ."

ಓಹೋ. ಬೇರೆ ಮನೆ ಮಾಡುತ್ತಾರೆ.

ಮಾಡಲಿ. ಎಪ್ಪತ್ತಮೂರು ವರ್ಷದವರು, ಅವರಿಷ್ಟ. ನನಗೂ ಮನೆ ಖಾಲಿಯಾಗುತ್ತದೆ. ಅದನ್ನೇ ತಾನೇ ನಾನು ಬಯಸಿದ್ದು.

ಮಾರ್ಚ್ 19, ಬುಧವಾರ

ವರದಿ ಮುಗಿಸಿದೆ. ಪ್ರತಿ ಗೀರಿಗೂ ಇಷ್ಟಿಷ್ಟೆಂದು ಕಳೆದೆ. ಕೊನೆಗೆ ಬಂದ ಬೆಲೆ ನನ್ನ ಒಂದೂವರೆ ತಿಂಗಳ ಸಂಬಳ. ಕಡಿಮೆ ಅನ್ನಿಸಬಹುದು. ಆದರೆ ಬೆಲೆ ಕಟ್ಟುವಾಗ ಕೈ ಬಿಗಿ ಹಿಡಿಯಬೇಕು, ನಮ್ಮ ವೃತ್ತಿಯ ಮೊದಲ ಪಾಠವೇ ಅದು.

ಮಾರ್ಚ್ 20, ಗುರುವಾರ

ಅತ್ತೆ ಎರಡು ಸಲ ಓದಿದರು. "ಇಷ್ಟೇನಾ?"

"ಮಾರ್ಕೆಟ್ ಡಲ್ ಇದೆ ಅತ್ತೆ."

"ಇಷ್ಟಕ್ಕೆ ಆಗಲ್ವಲ್ಲ," ಎಂದು ಕನ್ನಡಕ ತೆಗೆದಿಟ್ಟರು.

ಸಂಜೆ ಬೀರು ಸುಮ್ಮನಿತ್ತು. ಬಿಸ್ಕತ್ತಿನ ಸದ್ದೂ ಇಲ್ಲ. ಮನೆ ಎಷ್ಟು ನಿಶ್ಶಬ್ದ ಎಂದರೆ ಫ್ರಿಜ್ ಆನ್ ಆದಾಗ ಬೆಚ್ಚಿಬಿದ್ದೆ.

ಮಾರ್ಚ್ 22, ಶನಿವಾರ

ಅತ್ತೆ ನನಗೆ ಹೇಳದೆಯೇ ವಾದ್ಯ ರಿಪೇರಿ ಮಾಡುವವರೊಬ್ಬರನ್ನು ಕರೆಸಿದ್ದರು. ಅರವತ್ತು ದಾಟಿದವರು, ಹೆಸರಿನ ಬದಲು ಎಲ್ಲರೂ ತಂತಿ ಮೇಷ್ಟ್ರು ಅನ್ನುತ್ತಾರಂತೆ. ಬೇಸನ್ನು ತೊಡೆಯ ಮೇಲಿಟ್ಟುಕೊಂಡು, ತಂತಿ ಸಡಿಲಿಸಿ, ಅದರ ಕುತ್ತಿಗೆಯ ಹಿಂಭಾಗದಲ್ಲಿ ಹೆಬ್ಬೆರಳು ಜಾರಿಸಿದರು. ಅರ್ಧ ನಿಮಿಷ ಆಗಿರಲಿಲ್ಲ.

"ಇದರ ತಲೆ ಅಂಟಿಸಿದ್ಯಾರು?"

ನಾನು ಹೌಹಾರಿದೆ. ಹದಿನೈದು ದಿನ ಟಾರ್ಚ್ ಓರೆ ಹಿಡಿದು ನೋಡಿದವಳು ನಾನು. ಕೂದಲೆಳೆಯಷ್ಟು ಸಣ್ಣ ಗೆರೆ, ಒಂದು ಬದಿಯಿಂದ ಇನ್ನೊಂದು ಬದಿಗೆ.

"ನಮ್ಮನೆಯವರು," ಎಂದರು ಅತ್ತೆ. "ಕುರ್ಚಿಯ ಅಂಟು."

"ಕುರ್ಚಿಯ ಅಂಟಾ! ಅಮ್ಮಾ, ಮೂವತ್ತೈದು ವರ್ಷದಿಂದ ಇದೇ ಕೆಲಸ ನಂದು. ನನ್ನ ಕೈಲಿ ಇಷ್ಟು ಚೆನ್ನಾಗಿ ಬಂದಿಲ್ಲ." ಆಮೇಲೆ ನನ್ನ ವರದಿ ತೆಗೆದುಕೊಂಡು ಓದಿದರು. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಮೇಡಂ, ಬಕಲ್ಲಿನ ಸವೆತಾನ ಒಂದು ಸಲ ಬೆನ್ನು ಅಂತ ಕಳೆದಿದ್ದೀರಿ. ಇನ್ನೊಂದು ಸಲ ಬಣ್ಣ ಅಂತ ಕಳೆದಿದ್ದೀರಿ. ಸವೆತ ಒಂದೇ ತಾನೇ?"

ಒಂದೇ.

"ತಲೆ ಮುರಿಯದೆ ಇದ್ದಿದ್ರೆ ನೀವು ಬರೆದದ್ದರ ಮೂರು ಪಟ್ಟು. ಮುರಿದಿರೋದ್ರಿಂದ ಅದರಲ್ಲಿ ಅರ್ಧ. ನೀವು ಮುರಿದದ್ದು ನೋಡದೇನೇ ಅದಕ್ಕಿಂತ ಕೆಳಗೆ ಇಳಿಸಿದ್ದೀರಿ! ನೀವು ಇದನ್ನ ಮಾರಿಸೋಕೆ ಕೂತಿದ್ದೀರೋ, ಮಾರದ ಹಾಗೆ ನೋಡ್ಕೊಳ್ಳೋಕೋ?"

ಇಬ್ಬರೂ ನನ್ನ ಮುಖ ನೋಡಿದರು. ನಾನು ನನ್ನ ಪ್ಲಾಸ್ಟರ್ ನೋಡಿದೆ.

ಮಾರ್ಚ್ 23, ಭಾನುವಾರ

ಕಣ್ತಪ್ಪು ಯಾರಿಗೂ ಆಗುತ್ತದೆ. ನೋವಿನ ಮಾತ್ರೆ ನುಂಗುತ್ತಿದ್ದೆನಲ್ಲ, ಅದರ ಮಂಪರು.

ಮಾರ್ಚ್ 24, ಸೋಮವಾರ

ಸುಮ್ಮನೆ ಯೋಚಿಸುತ್ತಿದ್ದೆ. ನನ್ನ ಕೋಣೆಗೆ ಎರಡು ಕಿಟಕಿ, ಅತ್ತೆಯದಕ್ಕೆ ಒಂದೇ. ಕೋಣೆ ಅದಲುಬದಲು ಮಾಡಿಕೊಂಡರೆ ಹೇಗೆ? ಕುಂಟುವವಳಿಗೆ ಸಣ್ಣ ಕೋಣೆಯೇ ಅನುಕೂಲ, ಗೋಡೆ ಬೇಗ ಕೈಗೆ ಸಿಗುತ್ತದೆ. ಅವರಿಗೆ ಹೇಳಿದೆ. "ಆಮೇಲೆ ನೋಡೋಣ ಬಿಡು," ಎಂದರು. ಹೋಗುವವರು ಹಾಗೇ ಹೇಳುವುದು.

ಮಾರ್ಚ್ 27, ಗುರುವಾರ

ಹಳೆಯ ಗಿಟಾರುಗಳನ್ನು ಸಂಗ್ರಹಿಸುವವರೊಬ್ಬರು ಬಂದಿದ್ದರು. ತಂತಿ ಮೇಷ್ಟ್ರು ವಿಳಾಸ ಕೊಟ್ಟದ್ದು. ಬಿಳಿ ಕೈಗವಸು ಹಾಕಿಕೊಂಡೇ ಪೆಟ್ಟಿಗೆ ತೆರೆದರು. ಮನೆಯಲ್ಲಿ ಇಪ್ಪತ್ತಾರು ಇವೆಯಂತೆ, ಎಲ್ಲ ಗಾಜಿನ ಬೀರುವಿನಲ್ಲಿ. ಅವರು ಒಂದನ್ನೂ ನುಡಿಸುವುದಿಲ್ಲ. "ಬೆವರು ಲೋಹಕ್ಕೆ ಒಳ್ಳೇದಲ್ಲ," ಎಂದರು.

ಬಿಳಿ ಬಣ್ಣ ನೋಡಿದರು, ಏಳು ಅಂಕಿ ನೋಡಿದರು, ರೇಡಿಯೋ ಗುಂಡಿ ನೋಡಿ ಸ್ವಲ್ಪ ನೊಂದುಕೊಂಡರು. ಕುತ್ತಿಗೆಯ ಗೆರೆ ಅವರ ಕಣ್ಣಿಗೂ ಬೀಳಲಿಲ್ಲ. ನಾಲ್ಕು ತಿಂಗಳ ಸಂಬಳದಷ್ಟು ಹೇಳಿದರು. ಚೆಕ್ ಪುಸ್ತಕ ಹೊರಗೆ ಬಂತು.

ನಾನು ಬಾಯಿ ತೆರೆದೆ. ಮುರಿತ ಹೇಳದೆ ಬಿಟ್ಟ ವರದಿ ನನ್ನ ಕೈಯಿಂದ ಇದುವರೆಗೆ ಹೋಗಿಲ್ಲ. ಅಷ್ಟೇ, ಬೇರೆ ಕಾರಣವಿಲ್ಲ. ಆದರೆ ಅತ್ತೆ ನನಗಿಂತ ಮೊದಲೇ ಶುರು ಮಾಡಿದ್ದರು.

"ತಾಳಿ, ಇದರ ತಲೆ ಮುರಿದಿದೆ. ಒಂದು ಸಂಜೆ ಹಿಂದಕ್ಕೆ ಸರಿಯುತ್ತ ಸ್ಟೇಜಿಂದ ಬಿದ್ದೆ, ಅದು ಕೆಳಗೆ, ನಾನು ಅದರ ಮೇಲೆ. ಬಾಣಸಿಗರೆಲ್ಲ ಎತ್ತೋಕೆ ಓಡಿ ಬಂದ್ರು, ನನ್ನನ್ನಲ್ಲ, ಸ್ಪೀಕರನ್ನ. ಹೋಟೆಲಿನ ಕುರ್ಚಿ ರಿಪೇರಿ ಮಾಡೋ ಹುಡುಗ ಒಬ್ಬ ಇದ್ದ. ಎರಡು ತುಂಡು ಅವನ ಮುಂದೆ ಇಟ್ಟೆ. 'ಅಂಟು ಹಾಕಿ ಬೆಲ್ಟಿಂದ ಬಿಗಿದಿಡ್ತೀನಿ, ಮೂರು ದಿನ ಮುಟ್ಟಬಾರದು' ಅಂದ. ಮೂರು ದಿನವೂ ನೋಡೋಕೆ ಹೋದೆ. ಬೇಸ್ ನೋಡೋಕಲ್ಲ."

ಹೇಳುವಾಗ ಅತ್ತೆಯ ಮುಖ ನೋಡಬೇಕಿತ್ತು. ಎರಡು ತಿಂಗಳ ಸಂಬಳ ಕೈಬಿಟ್ಟು ಹೋಗುತ್ತಿದೆ, ಇವರು ಮದುಮಗಳ ಹಾಗೆ ನಗುತ್ತಿದ್ದಾರೆ. ಸಂಗ್ರಾಹಕರು ಕೈಗವಸು ಬಿಚ್ಚಿ, ಮಡಿಸಿ, ಜೇಬಿಗಿಟ್ಟುಕೊಂಡು, "ಕ್ಷಮಿಸಿ, ನಾನು ಒಡೆದದ್ದು ಇಟ್ಟುಕೊಳ್ಳಲ್ಲ," ಎಂದು ಮೆಟ್ಟಿಲಿಳಿದರು.

"ಪಾಪ," ಎಂದರು ಅತ್ತೆ. "ಇಪ್ಪತ್ತಾರು ಇಟ್ಕೊಂಡು ಒಂದನ್ನೂ ಮುಟ್ಟಲ್ವಂತೆ."

ಇವತ್ತು ಟೀ ಎರಡು ಸಲ ಆಯಿತು.

ಏಪ್ರಿಲ್ 2, ಬುಧವಾರ

ಬಹಳ ಬರೆಯುವುದಿದೆ.

ಬೆಳಿಗ್ಗೆ ತಂತಿ ಮೇಷ್ಟ್ರು ಕಳಿಸಿದ, ಟ್ಯಾಕ್ಸಿ ಓಡಿಸುವ ಹುಡುಗಿಯೊಬ್ಬಳು ಬೇಸ್ ನೋಡಲು ಬಂದಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಗಾಡಿಯನ್ನು ಕೆಳಗೆ ಅಡ್ಡಾದಿಡ್ಡಿ ನಿಲ್ಲಿಸಿ ಬಂದಿದ್ದಳು. ಶನಿವಾರ, ಭಾನುವಾರ ಬ್ಯಾಂಡಿನಲ್ಲಿ ನುಡಿಸುತ್ತಾಳೆ. ಅತ್ತೆ ಮೊದಲು ಹೇಳಿದ್ದೇ ತಲೆ ಮುರಿದ ಕತೆ. ಹುಡುಗಿ ಪೂರ್ತಿ ಕೇಳಿ, "ಹಾಗಾದ್ರೆ ಗಟ್ಟಿಯಾಗೇ ಇರುತ್ತೆ ಬಿಡಿ," ಎಂದು ಬೇಸನ್ನು ಹೆಗಲಿಗೆ ಹಾಕಿಕೊಂಡಳು. ಅವಳ ಮೈ ಮೇಲೆ ಅದು ಆಟದ ಸಾಮಾನಿನ ಹಾಗೆ ಕಂಡಿತು. ತಾನೇ ತಂದಿದ್ದ ಪುಟ್ಟ ಆಂಪ್ಲಿಫೈಯರಿಗೆ ಸಿಕ್ಕಿಸಿದಳು.

ಒಂದು ಸ್ವರ. ಕಿಟಕಿಯ ಗಾಜು, ಬಟ್ಟಲು, ನನ್ನ ಎದೆಗೂಡು, ಎಲ್ಲವೂ ಒಟ್ಟಿಗೆ ಹೌದು ಅಂದವು. ಕೆಳಮನೆಯವರು ಕೋಲಿನಿಂದ ಸೀಲಿಂಗ್ ಬಡಿದರು. ಅತ್ತೆ ಕಣ್ಣು ಮುಚ್ಚಿಕೊಂಡು, "ಎರಡನೇ ಬೆರಳು ಸ್ವಲ್ಪ ಮೇಲೆ," ಎಂದರು. ಹುಡುಗಿ ಸ್ವಲ್ಪ ಮೇಲಿಟ್ಟಳು. "ಅಯ್ಯೋ, ಹೌದಲ್ಲ!" ಎಂದಳು.

ಮೇಷ್ಟ್ರು ಹೇಳಿದ ಬೆಲೆಯನ್ನೇ ನಾನು ಹೇಳಿದೆ. ಅವಳು ಒಂದು ಮಾತೂ ಚೌಕಾಶಿ ಮಾಡಲಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಇಳಿದಳು. ಅತ್ತೆ ಕಿಟಕಿಯಲ್ಲಿ ನಿಂತು ಟ್ಯಾಕ್ಸಿ ತಿರುವು ದಾಟುವವರೆಗೂ ನೋಡಿದರು. ಅಳುತ್ತಾರೇನೋ ಎಂದು ನಾನು ಹತ್ತಿರ ಹೋದೆ.

"ಅಬ್ಬಾ, ಭುಜ ಹಗುರ ಆಯ್ತು," ಎಂದರು.

ಆಗ ನನಗೆ ತಡೆಯಲಾಗಲಿಲ್ಲ. "ಕೋಣೆ ಯಾವ ಕಡೆ ಅತ್ತೆ? ಆಸ್ಪತ್ರೆ ಹತ್ತಿರ ಇದೆಯಾ? ಒಬ್ಬರೇ ಇರೋಕೆ ಆಗುತ್ತಾ? ಇಲ್ಲಿ ನಿಮಗೆ ಏನು ಕಡಿಮೆ ಆಗಿತ್ತು ಅಂತ ಹೇಳಬಹುದಿತ್ತಲ್ಲ," ಎಂದು ಒಂದೇ ಉಸಿರಿಗೆ ಕೇಳಿಬಿಟ್ಟೆ. ಮೂಗು ಒರೆಸಿಕೊಂಡೆ. ಬೆಳಿಗ್ಗೆಯಿಂದ ಶೀತ.

"ಯಾವ ಕೋಣೆ?"

"ಫೋನಲ್ಲಿ ಕೇಳ್ತಿದ್ರಲ್ಲ. ನೆಲಮಹಡಿ, ವಾರದ ಬಾಡಿಗೆ."

ಅತ್ತೆ ಕುರ್ಚಿಯ ಮೇಲೆ ಕುಸಿದು ಕೂತು, ಮುಖಕ್ಕೆ ಸೆರಗು ಹಿಡಿದು ನಕ್ಕರು. "ಅದು ಅಭ್ಯಾಸದ ಕೋಣೆ ಕಣೇ! ವಾರಕ್ಕೆ ಎರಡು ಗಂಟೆ ಹೊತ್ತು ಬಾಡಿಗೆಗೆ ಕೊಡ್ತಾರೆ. ಡ್ರಮ್ಮಿನವಳು ನನ್ನ ನಂಬರ್ ಹುಡುಕಿ ಫೋನ್ ಮಾಡಿದ್ಲು. ಬ್ಯಾಂಡಿನಲ್ಲಿ ಮೂರು ಜನ ಇನ್ನೂ ಇದ್ದೀವಂತೆ, ಮೂರೂ ಜನಕ್ಕೆ ಕೈಕಾಲು ಆಡುತ್ತಂತೆ, ಮತ್ತೆ ಕೂತ್ಕೊಳ್ಳೋಣ ಅಂದ್ಲು. ಆ ಕೋಣನಂಥ ಹಳೇ ಬೇಸ್ ಹೊತ್ಕೊಂಡು ಹತ್ತು ನಿಮಿಷ ನುಡಿಸಿದ್ರೆ ಎಡಗೈ ಜೋಮು ಹಿಡಿಯುತ್ತೆ. ಈಗ ಸಣ್ಣದು, ಹಗುರದ್ದು ಬಂದಿದೆಯಂತೆ, ಅದನ್ನ ತಗೊಳ್ಳೋಣ ಅಂತ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ಈ ವಯಸ್ಸಿಗೆ ಇದೆಲ್ಲ ಯಾಕೆ ಅಂತೀಯೇನೋ ಅಂದ್ಕೊಂಡೆ. ಕಾರಿನ ಗೀರನ್ನೇ ಬಿಡದವಳು ನೀನು." ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ಓ! ಅದಕ್ಕಾ ಆ ಸವೆತಾನ ಎರಡು ಸಲ ಕಳೆದದ್ದು? ನಾನು ಹೋಗಬಾರದು ಅಂತಾ?"

"ಅದು ಮಾತ್ರೆಯ ಮಂಪರು ಅತ್ತೆ."

"ಹೂಂ, ಮಾತ್ರೆ," ಎಂದು ನನ್ನ ಕೆನ್ನೆ ಹಿಂಡಿದರು. "ನನ್ನನ್ನ ಇಟ್ಕೊಳ್ಳೋಕೆ ಅಂತ ಯಾರಾದ್ರೂ ಲೆಕ್ಕ ತಪ್ಪಿಸಿದ್ದು ಇದೇ ಮೊದಲು."

ಮಾತ್ರೆಯೇ. ಇಲ್ಲಿ ಸುಳ್ಳು ಬರೆದು ನನಗೇನಾಗಬೇಕು?

ಏಪ್ರಿಲ್ 12, ಶನಿವಾರ

ಬುಧವಾರ ಪ್ಲಾಸ್ಟರ್ ತೆಗೆದರು. ಒಳಗಿದ್ದ ಕಾಲು ಯಾರದೋ ಎಂಬಂತಿದೆ. ಇವತ್ತು ಅತ್ತೆಯ ಕೈ ಹಿಡಿದುಕೊಂಡೇ ಅಂಗಡಿಗೆ ಹೋದೆ. ಯಾರು ಯಾರಿಗೆ ಆಸರೆಯೋ, ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ.

ಅತ್ತೆ ಒಂಬತ್ತು ಬೇಸ್ ನುಡಿಸಿ ನೋಡಿದರು. ಅಂಗಡಿಯವನು ಮೊದಲು "ಮೊಮ್ಮಗನಿಗಾ ಅಮ್ಮ?" ಎಂದು ಕೇಳಿದ್ದ, ಮೂರನೆಯದರ ಹೊತ್ತಿಗೆ ಕುರ್ಚಿ ತಂದುಕೊಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಕೊನೆಗೆ ಒಪ್ಪಿದ್ದು ಸಣ್ಣ ಅಳತೆಯ, ಹಸಿರು ಬಣ್ಣದ್ದು. ಎರಡು ಕಿಲೋ ಒಂಬೈನೂರು. ಬೆನ್ನು, ಬದಿ, ಕುತ್ತಿಗೆ ಎಲ್ಲ ನಾನು ಟಾರ್ಚ್ ಬಿಟ್ಟು ನೋಡಿದೆ. ಕೆಳಗಡೆ ಒಂದು ಸಣ್ಣ ಗೀರಿತ್ತು. ತೋರಿಸಿ ಬೆಲೆ ಇಳಿಸಿಕೊಂಡೆ, ಒಂದೇ ಸಲ. ಉಳಿದದ್ದರಲ್ಲಿ ಪುಟ್ಟ ಆಂಪ್ಲಿಫೈಯರ್ ಬಂತು, ಅಭ್ಯಾಸದ ಕೋಣೆಗೆ ಮೂರು ತಿಂಗಳ ಮುಂಗಡವೂ ಆಯಿತು.

ಏಪ್ರಿಲ್ 20, ಭಾನುವಾರ

ಆಫೀಸು ಶುರುವಾಗಿ ವಾರವಾಯಿತು. ಬರೆಯಲು ಪುರುಸೊತ್ತೇ ಇಲ್ಲ, ಆದರೆ ಇವತ್ತಿನದನ್ನು ಬರೆಯದೆ ಇರಲಾರೆ.

ಅಭ್ಯಾಸದ ಕೋಣೆ ಮೊದಲು ಟಯರ್ ಗೋದಾಮಾಗಿತ್ತಂತೆ, ರಬ್ಬರಿನ ವಾಸನೆ ಇನ್ನೂ ಹೋಗಿಲ್ಲ. ಗೋಡೆಗೆ ಹಳೆಯ ಹಾಸಿಗೆಗಳನ್ನು ಬಡಿದಿದ್ದಾರೆ. ಡ್ರಮ್ಮಿನ ಗೆಳತಿ ಅತ್ತೆಗಿಂತ ಒಂದು ಗೇಣು ಗಿಡ್ಡ, ಕೂತರೆ ಡ್ರಮ್ಮುಗಳ ಹಿಂದೆ ಬಿಳಿ ಜುಟ್ಟು ಮಾತ್ರ ಕಾಣುತ್ತದೆ. ಗಿಟಾರಿನವರು ಎರಡೂ ಕಿವಿಗೆ ಯಂತ್ರ ಹಾಕಿಕೊಂಡು ಬಂದಿದ್ದರು. ಮೂವರೂ ನಲವತ್ತು ವರ್ಷದ ಮೇಲೆ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ತಬ್ಬಿಕೊಳ್ಳುತ್ತಾರೆ, ಅಳುತ್ತಾರೆ ಎಂದು ನಾನು ಕರವಸ್ತ್ರ ಹಿಡಿದು ಕೂತಿದ್ದೆ. ಡ್ರಮ್ಮಿನವರು, "ತಡ ಮಾಡಿದ್ರಿ, ಬಾಡಿಗೆ ಓಡ್ತಿದೆ," ಎಂದರು. ಅಷ್ಟೇ.

ಮೊದಲ ಸಲ ಗಿಟಾರಿನವರು ಬೇರೆಯೇ ಹಾಡು ಹಿಡಿದಿದ್ದರು. ಎರಡನೇ ಸಲ ಅತ್ತೆ ಮೂರನೇ ಸಾಲಿನಲ್ಲಿ ದಾರಿ ತಪ್ಪಿ, ತಾವೇ ನಕ್ಕು, ಎಲ್ಲರನ್ನೂ ನಿಲ್ಲಿಸಿದರು. ನಾಲ್ಕನೇ ಸಲ ಡ್ರಮ್ಮಿನವರ ಕೋಲು ಹಾರಿ ನನ್ನ ಮಡಿಲಿಗೆ ಬಿತ್ತು. ಏಳನೇ ಸಲ ನಡುವಿನವರೆಗೆ ಹೋಯಿತು. ಅತ್ತೆ ಒಂದೂಕಾಲು ಗಂಟೆ ನಿಂತೇ ನುಡಿಸಿದರು, ಒಂದು ಸಲವೂ ಭುಜ ತಿಕ್ಕಿಕೊಳ್ಳಲಿಲ್ಲ.

ಒಂಬತ್ತನೇ ಸಲ ಹಾಡು ಕೊನೆ ಮುಟ್ಟಿತು. ಮೂವರೂ ಒಂದೇ ಕ್ಷಣಕ್ಕೆ ನಿಲ್ಲಿಸಿದರು. ಅತ್ತೆಯ ಕೊನೆಯ ಸ್ವರ ಮಾತ್ರ ಹಾಸಿಗೆಗಳ ನಡುವೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ಆಮೇಲೆ ಗಿಟಾರಿನವರು ನನ್ನ ಕಡೆ ತಿರುಗಿ ಅತ್ತೆಯನ್ನು ಕೇಳಿದರು, "ಇವರು ನಿಮ್ಮ ಮಗಳಾ?"

"ಸೊಸೆ," ಎಂದರು ಅತ್ತೆ, ತಂತಿಯ ಶ್ರುತಿ ಸರಿಮಾಡುತ್ತ. "ಲೆಕ್ಕ ಬರಲ್ಲ, ಆದ್ರೆ ಕಿವಿ ಚೆನ್ನಾಗಿದೆ. ಮುಂದಿನ ವಾರದಿಂದ ಇವಳಿಗೇನಾದ್ರೂ ಬಾರಿಸೋಕೆ ಕೊಡೋಣ. ನಡೀರಿ, ಇನ್ನೊಂದು ಸಲ."